ಡಿಜಿಟಲ್ ಗೇಮ್ ಖರೀದಿ ಮತ್ತು ಹಣ ವಾಪಸಾತಿ

ಮೊಬೈಲ್, ಕಂಪ್ಯೂಟರ್ ಅಥವಾ ಪ್ಲೇಸ್ಟೇಷನ್‌ನಂಥ ಆಟದ ಯಂತ್ರಕ್ಕೆಂದು ಆನ್‌ಲೈನ್‌ನಲ್ಲಿ ಕೊಂಡ ವಿಡಿಯೊ ಗೇಮನ್ನು ಬಿಟ್ಟುಕೊಟ್ಟು, ಅದಕ್ಕೆ ತೆತ್ತ ಹಣವನ್ನು ಮರಳಿ ಪಡೆಯುವ ವ್ಯವಸ್ಥೆಗೆ ಹಣ ವಾಪಸಾತಿ ಎನ್ನುತ್ತಾರೆ. ಜನರ ಬಾಯಲ್ಲಿ ಇದು ‘ರಿಫಂಡ್’. ಪೂರ್ತಿ ಗೇಮ್ ಮಾತ್ರವಲ್ಲ, ಆಟದೊಳಗೆ ಕೊಳ್ಳುವ ನಾಣ್ಯ, ವೇಷ, ಆಯುಧಗಳು, ತಿಂಗಳ ಚಂದಾ, ಬಿಡುಗಡೆಗೆ ಮುಂಚಿನ ಬುಕಿಂಗ್ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಒಂದೊಂದಕ್ಕೂ ನಿಯಮ ಬೇರೆ, ಗಡುವು ಬೇರೆ.

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂಥ ಹೋಬಳಿ ಕೇಂದ್ರಕ್ಕೂ ಈ ವಿಷಯ ದೂರದ್ದಲ್ಲ. ಗೇಮ್ ಕೊಳ್ಳಲು ಈಗ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ ಹತ್ತಬೇಕಾಗಿಲ್ಲ. ಅಡಿಕೆ ಒಣಹಾಕಿದ ಅಂಗಳದಲ್ಲೇ ಕೂತು ಫೋನ್‌ನಲ್ಲಿ ಯುಪಿಐ ಪಿನ್ ಒತ್ತಿದರೆ ಅಮೆರಿಕದ ಕಂಪನಿಯ ಆಟ ಇಳಿಯುತ್ತದೆ. ಕೊಳ್ಳುವುದು ಇಷ್ಟು ಸಲೀಸಾಗಿದೆ. ಆದರೆ ಕೊಂಡದ್ದು ಸರಿಹೋಗದಿದ್ದರೆ ಯಾರನ್ನು, ಎಷ್ಟು ಹೊತ್ತಿನೊಳಗೆ ಕೇಳಬೇಕು ಎಂಬುದು ತಿಳಿದಿಲ್ಲದ ಕಾರಣಕ್ಕೇ ಬಹಳ ಜನ ಹಣ ಕಳೆದುಕೊಳ್ಳುತ್ತಾರೆ.

ಮಾರುವುದು ಏನನ್ನು?

ಬಟ್ಟೆ ಅಂಗಡಿಯಲ್ಲಿ ಕೊಂಡ ಸೀರೆಯನ್ನು ಮಡಿಕೆ ಮುರಿಯದೆ ತಂದುಕೊಟ್ಟರೆ ಅಂಗಡಿಯವರು ಅದನ್ನು ಮತ್ತೊಬ್ಬರಿಗೆ ಮಾರಬಹುದು. ಡಿಜಿಟಲ್ ಗೇಮ್‌ಗೆ ಮಡಿಕೆಯೂ ಇಲ್ಲ, ದಾಸ್ತಾನೂ ಇಲ್ಲ. ಗ್ರಾಹಕನಿಗೆ ಸಿಗುವುದು ಆಟವನ್ನು ತನ್ನ ಖಾತೆಯಲ್ಲಿ ಆಡುವ ಪರವಾನಗಿ ಮಾತ್ರ. ವಾಪಸ್ ಕೊಟ್ಟಾಗ ಆ ಪರವಾನಗಿ ರದ್ದಾಗುತ್ತದೆ, ಗೇಮ್ ಖಾತೆಯಿಂದ ಮಾಯವಾಗುತ್ತದೆ. ಸೀರೆ ಉಡದೆ ಇದ್ದರೆ ಹೊಸದಾಗಿಯೇ ಉಳಿಯುತ್ತದೆ. ಗೇಮ್‌ನ ಕಥೆಯನ್ನೋ ಮಜವನ್ನೋ ಪೂರ್ತಿ ಉಂಡು ಆಮೇಲೆ ‘ಬೇಡ’ ಎನ್ನಲು ಸಾಧ್ಯ. ಅದಕ್ಕೇ ಮಾರಾಟಗಾರರು ಎರಡು ಅಳತೆಗೋಲು ಇಟ್ಟುಕೊಂಡಿದ್ದಾರೆ: ಕೊಂಡು ಎಷ್ಟು ದಿನವಾಯಿತು, ಎಷ್ಟು ಹೊತ್ತು ಆಡಲಾಯಿತು.

ಮಳಿಗೆಗಳ ನಿಯಮ

ಕಂಪ್ಯೂಟರ್ ಗೇಮ್‌ಗಳ ಅತಿ ದೊಡ್ಡ ಆನ್‌ಲೈನ್ ಮಳಿಗೆ ಸ್ಟೀಮ್. ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಇದನ್ನು ಶುರುಮಾಡಿತು. ಮೊದಲ ಹನ್ನೆರಡು ವರ್ಷ ಇಲ್ಲಿ ಎಲ್ಲರಿಗೂ ಅನ್ವಯಿಸುವ ವಾಪಸಾತಿ ನಿಯಮವೇ ಇರಲಿಲ್ಲ. 2015ರ ಜೂನ್‌ನಲ್ಲಿ ಈಗಿನ ನಿಯಮ ಬಂತು: ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಕಾರಣ ಏನಿದ್ದರೂ ನಡೆಯುತ್ತದೆ. ಕಂಪ್ಯೂಟರ್‌ಗೆ ಗೇಮ್ ಒಗ್ಗಲಿಲ್ಲ, ತಪ್ಪಿ ಕೊಂಡುಬಿಟ್ಟೆ, ಹಿಡಿಸಲಿಲ್ಲ ಎಂದರೂ ಸಾಕು. ಕೊಂಡ ಮರುದಿನವೇ ಗೇಮ್ ರಿಯಾಯಿತಿಗೆ ಬಂದರೆ ಹಳೆಯದನ್ನು ಮರಳಿಸಿ ಕಡಿಮೆ ಬೆಲೆಗೆ ಮತ್ತೆ ಕೊಳ್ಳುವುದನ್ನೂ ಸ್ಟೀಮ್ ದುರುಪಯೋಗವೆಂದು ಎಣಿಸುವುದಿಲ್ಲ. ಅದೇ 2015ರ ನವೆಂಬರ್‌ನಲ್ಲಿ ಸ್ಟೀಮ್ ಭಾರತದ ಗ್ರಾಹಕರಿಗೆ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿತು. 2024ರ ಏಪ್ರಿಲ್‌ನಿಂದ, ಬಿಡುಗಡೆಗೆ ಮೊದಲೇ ಆಡಲು ಸಿಗುವ ವಿಶೇಷ ಅವಧಿಯ ಆಟವನ್ನೂ 2 ಗಂಟೆಯ ಲೆಕ್ಕಕ್ಕೆ ಸೇರಿಸಲಾಗುತ್ತಿದೆ.

ಎಪಿಕ್ ಗೇಮ್ಸ್ ಮಳಿಗೆಯಲ್ಲೂ ಇದೇ 14 ದಿನ, 2 ಗಂಟೆಯ ಲೆಕ್ಕ. ಪೋಲೆಂಡ್‌ನ ಗಾಗ್ ಮಳಿಗೆ ಇದಕ್ಕಿಂತ ಉದಾರ. 2020ರ ಫೆಬ್ರುವರಿಯಿಂದ ಅಲ್ಲಿ 30 ದಿನದ ಅವಕಾಶವಿದ್ದು, ಗೇಮ್ ಇಳಿಸಿಕೊಂಡು ಆಡಿದ್ದರೂ ಕೇಳಬಹುದು. ಸೋನಿಯ ಪ್ಲೇಸ್ಟೇಷನ್ ಮಳಿಗೆ ಬಿಗಿ. 14 ದಿನದ ಗಡುವು ಇದ್ದರೂ ಡೌನ್‌ಲೋಡ್ ಆರಂಭಿಸಿದ ಕೂಡಲೇ ಸಾಮಾನ್ಯವಾಗಿ ಹಕ್ಕು ತಪ್ಪುತ್ತದೆ. ಗೇಮ್‌ನಲ್ಲೇ ದೋಷವಿದ್ದರೆ ಮಾತ್ರ ವಿನಾಯಿತಿ. ಕೊಂಡ ಗೇಮ್ ತಾನಾಗಿಯೇ ಇಳಿಯುವಂತೆ ಯಂತ್ರದಲ್ಲಿ ಹೊಂದಿಸಿದ್ದರೆ ಯೋಚಿಸಲೂ ಸಮಯ ಸಿಗದು.

ನಮ್ಮ ಹಳ್ಳಿ ಪಟ್ಟಣಗಳಲ್ಲಿ ಹೆಚ್ಚಿನವರು ಆಡುವುದು ಆಂಡ್ರಾಯ್ಡ್ ಫೋನ್‌ನಲ್ಲಿ. ಅಲ್ಲಿ ಲೆಕ್ಕಕ್ಕೆ ಬರುವುದು ಗೂಗಲ್ ಪ್ಲೇ ನಿಯಮ. ಕೊಂಡ 48 ಗಂಟೆಯೊಳಗಾದರೆ ಗೂಗಲ್‌ಗೇ ಅರ್ಜಿ ಹಾಕಬಹುದು. ಆ ಗಡುವು ಮೀರಿದರೆ ಗೇಮ್ ತಯಾರಿಸಿದ ಕಂಪನಿಯನ್ನು ಕೇಳಿಕೊಳ್ಳಬೇಕು, ತೀರ್ಮಾನ ಅವರಿಗೆ ಬಿಟ್ಟದ್ದು. ಒಂದು ಗೇಮ್‌ಗೆ ರಿಫಂಡ್ ಸಿಗುವುದು ಒಮ್ಮೆ ಮಾತ್ರ. ಅದನ್ನೇ ಮತ್ತೆ ಕೊಂಡರೆ ಎರಡನೆಯ ಸಲ ಸಿಗದು. ಖಾತೆದಾರನಿಗೆ ಅರಿವಿಲ್ಲದಂತೆ ಅಪರಿಚಿತರು ಹಣ ಬಳಸಿದ್ದರೆ 120 ದಿನದೊಳಗೆ ತಿಳಿಸಬಹುದು. ಆಪಲ್ ಫೋನ್‌ನಲ್ಲಿ ಇಷ್ಟೇ ಗಂಟೆ ಎಂಬ ಸರಳ ಗೆರೆಯಿಲ್ಲ. ಆಪಲ್‌ನ ದೂರು ಪುಟದಲ್ಲಿ ಕಾರಣ ಆರಿಸಿ ಅರ್ಜಿ ಸಲ್ಲಿಸಬೇಕು, ಕಂಪನಿ ಒಂದೊಂದನ್ನೂ ನೋಡಿ ನಿರ್ಧರಿಸುತ್ತದೆ.

ಇವುಗಳಲ್ಲಿ ಹೆಚ್ಚಿನ ನಿಯಮಗಳಲ್ಲಿ ಒಂದು ಮಾತು ಸಮಾನ: ಬಳಸಿ ಮುಗಿಸಿದ್ದು ವಾಪಸ್ ಬರುವುದು ಕಷ್ಟ. ಆಟದೊಳಗಿನ ನಾಣ್ಯ ಕೊಂಡು ಅದರಿಂದ ಬಂದೂಕಿನ ಬಣ್ಣವನ್ನೋ ಹೊಸ ವೇಷವನ್ನೋ ತೆಗೆದುಕೊಂಡಿದ್ದರೆ ಕೋರಿಕೆ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಅಗ್ಗಕ್ಕೆ ಸಿಗುತ್ತದೆಂದು ಬೇರೆ ಜಾಲತಾಣದಲ್ಲಿ ಕೋಡ್ ಕೊಂಡು ಸ್ಟೀಮ್‌ಗೆ ಹಾಕಿಕೊಂಡವರಿಗೆ ಸ್ಟೀಮ್ ಹಣ ಕೊಡುವುದಿಲ್ಲ, ಏಕೆಂದರೆ ಆ ಹಣ ಅದರ ಕೈಗೆ ಬಂದೇ ಇಲ್ಲ.

ಆಸ್ಟ್ರೇಲಿಯಾದ ಮೊಕದ್ದಮೆ

ಈ ಕ್ಷೇತ್ರದಲ್ಲಿ ಹೆಚ್ಚು ನೆನೆಯುವ ಮೊಕದ್ದಮೆ ಆಸ್ಟ್ರೇಲಿಯಾದ್ದು. ‘ಯಾವ ಹಣವೂ ವಾಪಸಿಲ್ಲ’ ಎಂಬ ವಾಲ್ವ್ ಷರತ್ತು ದೇಶದ ಗ್ರಾಹಕ ಕಾನೂನಿಗೆ ವಿರುದ್ಧ ಎಂದು ಅಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗ 2014ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ತನಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾನೂನು ಅನ್ವಯಿಸುತ್ತದೆ, ತಾನು ಆಸ್ಟ್ರೇಲಿಯಾದಲ್ಲಿ ವ್ಯಾಪಾರವನ್ನೇ ಮಾಡುತ್ತಿಲ್ಲ ಎಂದು ವಾಲ್ವ್ ವಾದಿಸಿತು. 2016ರ ಮಾರ್ಚ್‌ನಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಸುಮಾರು 22 ಲಕ್ಷ ಆಸ್ಟ್ರೇಲಿಯನ್ ಖಾತೆಗಳಿದ್ದ ಕಂಪನಿ ಅಲ್ಲಿ ವ್ಯಾಪಾರ ಮಾಡುತ್ತಿದೆ ಎಂದೇ ಲೆಕ್ಕ. ಗೇಮ್ ಕೂಡ ಕಾನೂನಿನ ಅರ್ಥದಲ್ಲಿ ‘ಸರಕು’ ಎಂದು ತೀರ್ಪಾಯಿತು. ಡಿಸೆಂಬರ್‌ನಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಮೇಲ್ಮನವಿಗಳು 2018ರ ಹೊತ್ತಿಗೆ ಸೋತವು. 2020ರ ಜೂನ್‌ನಲ್ಲಿ ಇದೇ ಬಗೆಯ ತಪ್ಪಿಗೆ ಸೋನಿಯ ಯುರೋಪ್ ಘಟಕ 35 ಲಕ್ಷ ಆಸ್ಟ್ರೇಲಿಯನ್ ಡಾಲರ್ ತೆತ್ತಿತು.

ಕಂಪನಿ ಯಾವ ಊರಲ್ಲಿದ್ದರೂ ಗ್ರಾಹಕ ಇರುವ ಊರಿನ ಕಾನೂನಿಗೆ ತಲೆಬಾಗಬೇಕು ಎಂಬ ಈ ತತ್ತ್ವ ಭಾರತದ ಗ್ರಾಹಕನಿಗೂ ಮುಖ್ಯ.

ಯುರೋಪ್ ಒಕ್ಕೂಟದಲ್ಲಿ ದೂರದಿಂದ ಕೊಂಡ ವಸ್ತುವನ್ನು 14 ದಿನದೊಳಗೆ ಹಿಂದಿರುಗಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಡಿಜಿಟಲ್ ಸರಕನ್ನು ಗ್ರಾಹಕ ಒಪ್ಪಿ ಇಳಿಸಿಕೊಳ್ಳತೊಡಗಿದರೆ ಆ ಹಕ್ಕು ಹೋಗುತ್ತದೆ. ಬಹಳ ಮಳಿಗೆಗಳು ಖರೀದಿಯ ಹೊತ್ತಿನಲ್ಲೇ ಈ ಒಪ್ಪಿಗೆಯನ್ನು ಬರೆಸಿಕೊಳ್ಳುತ್ತವೆ. ದೋಷವಿರುವ ಗೇಮ್‌ನ ಮಾತು ಬೇರೆ. ಅದಕ್ಕೆ ದುರಸ್ತಿ, ಬೆಲೆ ಕಡಿತ, ಹಣ ವಾಪಸಾತಿ ಕೇಳುವ ಹಕ್ಕನ್ನು 2022ರ ಜನವರಿ 1ರಿಂದ ಜಾರಿಗೆ ಬಂದ ಡಿಜಿಟಲ್ ವಿಷಯಗಳ ನಿರ್ದೇಶನ ಕೊಟ್ಟಿದೆ.

ದೋಷವಿರುವ ಗೇಮ್, ನಿಂತುಹೋದ ಗೇಮ್

2020ರ ಡಿಸೆಂಬರ್ 10ರಂದು ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ಕಂಪನಿಯ ಸೈಬರ್‌ಪಂಕ್ 2077 ಬಿಡುಗಡೆಯಾಯಿತು. ಪ್ಲೇಸ್ಟೇಷನ್ 4ರಂಥ ಹಳೆಯ ಯಂತ್ರಗಳಲ್ಲಿ ಅದು ಹೆಜ್ಜೆಹೆಜ್ಜೆಗೂ ಮುಗ್ಗರಿಸಿತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಮಳಿಗೆಯಿಂದಲೇ ತೆಗೆದುಹಾಕಿ, ಕೇಳಿದವರಿಗೆಲ್ಲ ಹಣ ಮರಳಿಸಲು ಮುಂದಾಯಿತು. ಗೇಮ್ ಮತ್ತೆ ಮಳಿಗೆ ಸೇರಿದ್ದು 2021ರ ಜೂನ್‌ನಲ್ಲಿ. 2024ರ ಆಗಸ್ಟ್ 23ರಂದು ಬಂದ ಸೋನಿಯದೇ ಗೇಮ್ ಕಾಂಕರ್ಡ್‌ಗೆ ಆಟಗಾರರೇ ಸಿಗಲಿಲ್ಲ. ಎರಡು ವಾರಕ್ಕೆ, ಸೆಪ್ಟೆಂಬರ್ 6ಕ್ಕೆ, ಅದು ಬಾಗಿಲು ಹಾಕಿತು. ಕೊಂಡವರಿಗೆ ಪೂರ್ತಿ ಹಣ ಹಿಂದಿರುಗಿತು.

ಎಲ್ಲರಿಗೂ ಈ ಭಾಗ್ಯವಿಲ್ಲ. 2014ರಲ್ಲಿ ಬಿಡುಗಡೆಯಾದ ದಿ ಕ್ರೂ ಎಂಬ ಕಾರ್ ಓಟದ ಗೇಮ್‌ನ ಸರ್ವರನ್ನು ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಹಣ ಕೊಟ್ಟು ಕೊಂಡ ಆಟ ಒಬ್ಬರೇ ಕೂತು ಆಡಲೂ ಬಾರದಂತಾಯಿತು. ಅದರ ಬೆನ್ನಿಗೆ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಗೆ ಯುರೋಪ್‌ನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮಾರುತ್ತಿರುವುದು ಪರವಾನಗಿ ಮಾತ್ರ ಎಂದಾದರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಲೇಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿತು.

ಭಾರತದ ಆಟಗಾರರು ಇದೇ ನೋವನ್ನು ಇನ್ನೊಂದು ದಾರಿಯಲ್ಲಿ ಕಂಡರು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಸರ್ವರೂ ನಿಂತಿತು. ಯುಸಿ ಎಂಬ ನಾಣ್ಯಕ್ಕೆ ನೂರು ಸಾವಿರ ಸುರಿದಿದ್ದ ಹುಡುಗರ ವೇಷ, ಆಯುಧಗಳೆಲ್ಲ ಕೈಗೆ ಸಿಗದಂತಾದವು. ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ ಬಿಜಿಎಂಐ ಎಂಬ ಭಾರತದ ಆವೃತ್ತಿ ತಂದಾಗ ಹಳೆಯ ಖಾತೆಯ ಸಾಮಗ್ರಿಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶ ಕೊಟ್ಟಿತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಎಂಬ ಇನ್ನೊಂದು ಮೊಬೈಲ್ ಆಟ ನಿಷೇಧವಾಯಿತು. ಜುಲೈನಲ್ಲಿ ಬಿಜಿಎಂಐ ಕೂಡ ಮಳಿಗೆಗಳಿಂದ ಇಳಿದು, 2023ರ ಮೇ ತಿಂಗಳಲ್ಲಿ ಮರಳಿತು.

2025ರ ಆಗಸ್ಟ್‌ನಲ್ಲಿ ಇನ್ನೊಂದು ಬದಲಾವಣೆ ಆಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿ, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಂಥ ಆಟ ನಡೆಸುತ್ತಿದ್ದ ಬೆಂಗಳೂರಿನ ಎಂಪಿಎಲ್ ಕಂಪನಿ ಹೊಸ ಠೇವಣಿ ನಿಲ್ಲಿಸಿ, ಖಾತೆಯಲ್ಲಿದ್ದ ಹಣವನ್ನು ಗ್ರಾಹಕರು ತೆಗೆದುಕೊಳ್ಳಬಹುದೆಂದು ತಿಳಿಸಿತು. ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನ ಠೇವಣಿ ಹಿಂಪಡೆಯುವುದು ಬೇರೆ, ಗೇಮ್ ಖರೀದಿಯ ರಿಫಂಡ್ ಬೇರೆ. ಮೊದಲನೆಯದು ಖಾತೆಯಲ್ಲಿ ಉಳಿದ ಸ್ವಂತ ಹಣ, ಎರಡನೆಯದು ಕೊಂಡ ಸರಕಿನ ಬೆಲೆ. ಪಣವಿಲ್ಲದ ಆಟಗಳನ್ನೂ ಇ-ಸ್ಪೋರ್ಟ್ಸನ್ನೂ ಈ ಕಾಯ್ದೆ ನಿಷೇಧಿಸಿಲ್ಲ.

ಭಾರತದ ಕಾನೂನು

‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡನ್ನು ಚನ್ನಗಿರಿ, ಹೊನ್ನಾಳಿ ಪೇಟೆಯಲ್ಲಿ ಓದದವರಿಲ್ಲ. ದೋಷವಿರುವ ಸರಕಿಗೆ ಈ ಬೋರ್ಡು ಲೆಕ್ಕಕ್ಕಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ದೋಷವಿರುವ ಸರಕನ್ನು ಹಿಂಪಡೆಯಲು, ಕೊರತೆಯ ಸೇವೆಯನ್ನು ರದ್ದುಮಾಡಿ ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನವೆಂದು ತಿಳಿಯಬೇಕು.

ಮೂರು ದಿನದ ಬಳಿಕ ಹೊರಟ ಇ-ಕಾಮರ್ಸ್ ನಿಯಮಗಳು ಡಿಜಿಟಲ್ ಉತ್ಪನ್ನಗಳನ್ನು ಹೆಸರಿಸಿಯೇ ಒಳಗೊಂಡಿವೆ. ಭಾರತದಲ್ಲಿ ಕಚೇರಿಯಿಲ್ಲದಿದ್ದರೂ ಇಲ್ಲಿನ ಗ್ರಾಹಕರಿಗೆ ನಿಯಮಿತವಾಗಿ ಮಾರುವ ಕಂಪನಿಗೂ ಅವು ಅನ್ವಯಿಸುತ್ತವೆ. ವಾಪಸಾತಿ ನಿಯಮ ಏನೆಂಬುದನ್ನು ಕಂಪನಿ ಮೊದಲೇ ತೋರಿಸಬೇಕು. ಒಪ್ಪಿಗೆಯ ಚೌಕಕ್ಕೆ ತಾನೇ ಟಿಕ್ ಹಾಕಿಟ್ಟಿರಬಾರದು. ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜಾಹೀರಾತಿನಲ್ಲಿ ತೋರಿಸಿದ ಗುಣ ಸರಕಿನಲ್ಲಿ ಇಲ್ಲದಿದ್ದರೆ ಮಾರಾಟಗಾರ ಹಣ ಮರಳಿಸಲು ಒಲ್ಲೆ ಎನ್ನುವಂತಿಲ್ಲ.

ಆದರೆ ‘ಹಿಡಿಸಲಿಲ್ಲ’ ಎಂಬ ಕಾರಣಕ್ಕೆ ಇಂತಿಷ್ಟು ದಿನದಲ್ಲಿ ಗೇಮ್ ಮರಳಿಸುವ ಹಕ್ಕನ್ನು ಈ ಕಾನೂನು ಕೊಟ್ಟಿಲ್ಲ. ಅದು ಮಳಿಗೆಯ ಸ್ವಂತ ನಿಯಮದಿಂದ ಬರುವುದು. ದೋಷ, ಸುಳ್ಳು ಜಾಹೀರಾತು, ಮೋಸವಿದ್ದಲ್ಲಿ ಕಾನೂನು; ಮನಸ್ಸು ಬದಲಾದಲ್ಲಿ ಮಳಿಗೆಯ ಗಡುವು. ಈ ಎರಡನ್ನು ಬೇರೆಯಾಗಿ ಇಟ್ಟುಕೊಂಡರೆ ಅರ್ಜಿ ಬರೆಯುವುದು ಸುಲಭ.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಪರದೆಯ ಮೇಲಿನ ವಂಚನೆಯ ವಿನ್ಯಾಸಗಳನ್ನು, ತಡೆಯುವ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಪಟ್ಟಿಮಾಡಿತು. ‘ಇನ್ನು ಐದೇ ನಿಮಿಷ’ ಎಂದು ಹುಸಿ ಅವಸರ ಹುಟ್ಟಿಸುವುದು, ಚಂದಾ ರದ್ದುಮಾಡುವ ದಾರಿಯನ್ನು ಬಚ್ಚಿಡುವುದು ಇವುಗಳಲ್ಲಿ ಸೇರಿವೆ. ಗೇಮ್ ಆಡುವವರಿಗೆ ಇವೆರಡೂ ದಿನದ ಅನುಭವ.

ಮಕ್ಕಳು ಮಾಡಿದ ಖರೀದಿ

ಮನೆಯಲ್ಲಿ ಜಗಳಕ್ಕೆ ಹೆಚ್ಚಾಗಿ ಕಾರಣವಾಗುವುದು ಇದೇ. ಅಪ್ಪನ ಫೋನ್, ಅಮ್ಮನ ಬ್ಯಾಂಕ್ ಖಾತೆ, ಮಗನ ಆಟ. ಬೆಳೆ ಮಾರಿದ ಹಣವೋ ಸಂಘದ ಸಾಲದ ಕಂತೋ ಇರುವ ಖಾತೆಯಿಂದ ಐವತ್ತು, ನೂರು ಎಂದು ಸೋರಿಹೋದದ್ದು ಪಾಸ್‌ಬುಕ್ ಎಂಟ್ರಿ ಹಾಕಿಸಿದ ದಿನವೇ ಗೊತ್ತಾಗುವುದುಂಟು. ಅಷ್ಟರಲ್ಲಿ 48 ಗಂಟೆಯ ಗಡುವು ಎಂದೋ ದಾಟಿರುತ್ತದೆ.

ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯದಲ್ಲಿ ದೊಡ್ಡ ಕಂಪನಿಗಳನ್ನೇ ಕಟಕಟೆಗೆ ಎಳೆಯಿತು. ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮಕ್ಕಳು ಕೇಳದೆಯೇ ಕೊಳ್ಳಬಹುದಿತ್ತು ಎಂಬ ದೂರಿಗೆ ಆಪಲ್ 2014ರಲ್ಲಿ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಿತು. ಅದೇ ವರ್ಷ ಗೂಗಲ್ 1.9 ಕೋಟಿ ಡಾಲರ್‌ಗೆ ಒಪ್ಪಿತು. ಫೋರ್ಟ್‌ನೈಟ್ ಗೇಮ್‌ನ ಎಪಿಕ್ ಕಂಪನಿ ಬೇಡದ ಖರೀದಿಗೆ ಜನರನ್ನು ಜಾರಿಸಿದ್ದಕ್ಕಾಗಿ 2022ರ ಡಿಸೆಂಬರ್‌ನಲ್ಲಿ ಗ್ರಾಹಕರಿಗೆಂದು 24.5 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಭಾರತೀಯ ಕರಾರು ಕಾಯ್ದೆ 1872ರಂತೆ 18 ತುಂಬದವರು ಕರಾರಿಗೆ ಅರ್ಹರಲ್ಲ. ಅಂಥ ಕರಾರು ಮೊದಲಿನಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ಹೇಳಿತು. ಕಂಪನಿಗಳು ಇದಕ್ಕೆ ಎದುರಾಗಿ, ಖಾತೆ ದೊಡ್ಡವರದ್ದು, ಪಿನ್ ಕಾಪಾಡುವ ಹೊಣೆಯೂ ಅವರದೇ ಎಂಬ ಷರತ್ತನ್ನು ಮುಂದಿಡುತ್ತವೆ. ಹೀಗಾಗಿ ಅರ್ಜಿಯಲ್ಲಿ ಖರೀದಿ ಮಾಡಿದ್ದು ಮಗು, ವಯಸ್ಸು ಇಷ್ಟು, ಪೋಷಕರ ಒಪ್ಪಿಗೆ ಇರಲಿಲ್ಲ ಎಂದು ನೇರವಾಗಿ ಬರೆಯಬೇಕು. ಗೂಗಲ್ ಪ್ಲೇ, ಆಪಲ್ ಎರಡರ ಅರ್ಜಿಯಲ್ಲೂ ಮನೆಯವರು ತಪ್ಪಿ ಮಾಡಿದ ಖರೀದಿಯನ್ನು ಹೇಳಲು ಅವಕಾಶವಿದೆ. ಇದಕ್ಕಿಂತ ಮುಖ್ಯ ಮುನ್ನೆಚ್ಚರಿಕೆ: ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಗುರುತು ಕೇಳುವಂತೆ ಇಡುವುದು, ಯುಪಿಐ ಪಿನ್ ಮಕ್ಕಳಿಗೆ ಹೇಳದಿರುವುದು.

ಹಣ ಹೋಗಿ ಗೇಮ್ ಬಾರದಿದ್ದರೆ

ನೆಟ್‌ವರ್ಕ್ ಕೈಕೊಟ್ಟು ಖಾತೆಯಿಂದ ಹಣ ಕಡಿತವಾಗಿ, ಯುಸಿಯಂಥ ಆಟದ ನಾಣ್ಯ ಬಾರದೆ ಉಳಿಯುವುದು ರಿಫಂಡ್‌ನ ವಿಷಯವಲ್ಲ, ವಿಫಲ ಪಾವತಿ. ಇದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅನ್ವಯಿಸುತ್ತದೆ. ಅಂಗಡಿಗೆ ಮಾಡಿದ ಯುಪಿಐ ಪಾವತಿ ದೃಢವಾಗದಿದ್ದರೆ ವ್ಯವಹಾರದ ದಿನದ ನಂತರ 5 ದಿನದೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇಂಥದ್ದಕ್ಕೆ ಗೇಮ್ ಕಂಪನಿಗಿಂತ ಮೊದಲು ಯುಪಿಐ ಆ್ಯಪ್‌ನಲ್ಲಿ, ಆಮೇಲೆ ಬ್ಯಾಂಕಿನಲ್ಲಿ ದೂರಬೇಕು. ರಿಫಂಡ್ ಕೊಡಿಸುತ್ತೇವೆಂದು ಕರೆಮಾಡಿ ಪಿನ್ ಕೇಳುವವರು ಕಳ್ಳರು. ಹಣ ಬರಲು ಪಿನ್ ಒತ್ತಬೇಕಾಗಿಯೇ ಇಲ್ಲ. ಮೋಸಹೋದವರು ಕೂಡಲೇ 1930ಕ್ಕೆ ಕರೆಮಾಡಬೇಕು.

ಸಣ್ಣ ತಯಾರಕರ ಅಳಲು

ವಾಪಸಾತಿ ನಿಯಮಕ್ಕೆ ಇನ್ನೊಂದು ಮಗ್ಗುಲಿದೆ. ಒಬ್ಬರೋ ಇಬ್ಬರೋ ಸೇರಿ ಮಾಡುವ ಸಣ್ಣ ಗೇಮ್‌ಗಳು ಒಂದೂವರೆ ಗಂಟೆಗೇ ಮುಗಿಯುತ್ತವೆ. ಎಮಿಕಾ ಗೇಮ್ಸ್ ಎಂಬ ಹೆಸರಲ್ಲಿ ‘ಸಮ್ಮರ್ ಆಫ್ 58’ ಮಾಡಿದ ತಯಾರಕ, ಜನ ಆಟವನ್ನು ಪೂರ್ತಿ ಆಡಿ ಮೆಚ್ಚಿಯೂ 2 ಗಂಟೆಯೊಳಗೆ ಹಣ ಹಿಂಪಡೆಯುತ್ತಿದ್ದಾರೆಂದು ನೊಂದು, 2021ರಲ್ಲಿ ಗೇಮ್ ತಯಾರಿಕೆಯನ್ನೇ ಬಿಡುವುದಾಗಿ ಹೇಳಿದ. ರಾಜೇಶ್ ರಾವ್ ಅವರ ಧ್ರುವ ಇಂಟರ್‌ಆ್ಯಕ್ಟಿವ್ ಬೆಂಗಳೂರಿನಲ್ಲಿ 1997ರಲ್ಲೇ ಆರಂಭವಾದಂದಿನಿಂದ ಕರ್ನಾಟಕ ಗೇಮ್ ತಯಾರಿಕೆಯ ನೆಲವೂ ಆಗಿದೆ. ಉಂಡು ಎದ್ದು ಊಟದ ದುಡ್ಡು ವಾಪಸ್ ಕೇಳಿದರೆ ಇಲ್ಲಿನ ಸಣ್ಣ ತಯಾರಕರಿಗೂ ಪೆಟ್ಟು ಬೀಳುತ್ತದೆ.

ಬಸವಾಪಟ್ಟಣದಿಂದ ದೂರು

ಮಳಿಗೆ ಒಪ್ಪದಿದ್ದರೆ ಮೊದಲ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಹಿಂದಿನ ಕಾಯ್ದೆಯಲ್ಲಿ ಎದುರುದಾರ ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಬೇಕಿತ್ತು. 2019ರ ಕಾಯ್ದೆ ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಮಾಡಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನವರಿಗೆ ಅದು ದಾವಣಗೆರೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೋರಬಹುದು. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಗೇಮ್ ಕೊಂಡ ದಿನವೇ ಆರ್ಡರ್ ಸಂಖ್ಯೆ, ಯುಪಿಐ ವ್ಯವಹಾರ ಸಂಖ್ಯೆ, ಬಂದ ಇಮೇಲ್ ಇವುಗಳನ್ನು ತೆಗೆದಿಡಿ. ದೋಷ ಕಂಡರೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆಟ ಮುಂದುವರಿಸದೆ ಅಂದೇ ಅರ್ಜಿ ಹಾಕಿ. ಪ್ಲೇ ಸ್ಟೋರ್‌ನಲ್ಲಿ ನಿಮಗಿರುವುದು 48 ಗಂಟೆ, ಸ್ಟೀಮ್‌ನಲ್ಲಿ 14 ದಿನ, ಗ್ರಾಹಕ ಆಯೋಗದಲ್ಲಿ 2 ವರ್ಷ.